ಒಂದೂವರೆ ಎಲೆಯ ದೂರ

ಬಸ್ಸಿನಲ್ಲಿ ಕೂತು ಹೋಗಿ ಬರುವುದಕ್ಕೂ ಕೂಲಿಯೇ ಎಂದು ಚಲುವಮ್ಮನನ್ನು ಕೇಳಿದವಳು ನಾನೇ. ಅದೂ ಅವಳ ಎದುರಿಗೇ, ನಮ್ಮ ಜಗಲಿಯ ಮೇಲೆ ನಿಂತುಕೊಂಡು. ಆಗ ನನಗೆ ಹದಿನೆಂಟು ವರ್ಷ, ನನ್ನ ಬಾಯಿಗೆ ಮಾತ್ರ ನಲವತ್ತು.

"ಹೂಂ ಕಣವ್ವ," ಎಂದಳು ಅವಳು, ವೀಳ್ಯದೆಲೆಗೆ ಸುಣ್ಣ ಸವರುತ್ತ. "ಕೂತ್ಕಳಾಕೂ ಸೊಂಟ ಗಟ್ಟಿ ಇರ್ಬೇಕಲ್ಲ."

ನಮ್ಮಪ್ಪ ಜವರಯ್ಯ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಶಿರಂಗಾಲದಲ್ಲಿ ಚಲುವಮ್ಮನ ಕಸುಬು ಎಂದರೆ ಜೊತೆಗೆ ಹೋಗುವುದು. ತವರಿನಿಂದ ಹೊರಟ ಬಾಣಂತಿ, ಆಸ್ಪತ್ರೆಗೆ ಹೊರಟ ಬಸುರಿ, ಗಂಡನ ಮನೆಯ ದಾರಿ ಗೊತ್ತಿಲ್ಲದ ಹೊಸ ಹುಡುಗಿ, ಇಂಥವರ ಜೊತೆಗೆ. ಮನೆಯ ಗಂಡಸರು ಹೊಲ ಬಿಟ್ಟು ಬರಲಾಗದಿದ್ದರೆ ಅವಳಿಗೆ ಹೇಳಿಕಳಿಸುತ್ತಿದ್ದರು. ಬಸ್ಸು ಹತ್ತಿದಾಗಿನಿಂದ ತಿರುಗಿ ಊರಲ್ಲಿ ಇಳಿಯುವವರೆಗೆ ಲೆಕ್ಕ. ದಿನಕ್ಕೆ ಒಂದು ರೂಪಾಯಿ, ಎರಡು ಸೇರು ರಾಗಿ. ಗಂಡ ತೀರಿಕೊಂಡ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಓದು ಬರಹ ಬಾರದವಳು, ಆದರೂ ಮಡಿಕೇರಿಯಾಗಲಿ, ವಿರಾಜಪೇಟೆಯಾಗಲಿ, ಪಾಲಿಬೆಟ್ಟದ ಎಸ್ಟೇಟಿನ ಕೂಲಿಯವರ ಲೈನುಮನೆಗಳಾಗಲಿ, ಕರೆದುಕೊಂಡು ಹೋಗಿ ಕೂದಲು ಕೊಂಕದಂತೆ ಕರೆತರುತ್ತಿದ್ದಳು. "ಚಲುವಮ್ಮಂಗೆ ಕೊಡಗೆಲ್ಲ ಗೊತ್ತು" ಎಂಬುದು ಊರಿನ ಮಾತು.

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಶಿಕ್ಷಕರ ತರಬೇತಿಗೆ ಸೇರಿಸಿಕೊಳ್ಳಲು ಸಂದರ್ಶನವಿದೆ, ಹತ್ತು ಗಂಟೆಗೆ ಹಾಜರಿರಬೇಕು ಎಂದು ನನಗೆ ಮಡಿಕೇರಿಯಿಂದ ಕಾಗದ ಬಂದಿತ್ತು. ಅದನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಮಡಿಕೆಯ ಜಾಗದಲ್ಲಿ ಹರಿದೇಹೋಗಿತ್ತು.

"ಇದೊಂದು ಸಲ ಹೋಗ್ಬುಟ್ಟು ಬಾ," ಎಂದಿದ್ದ ಅಪ್ಪ. "ಸಿಕ್ರೆ ನಿನ್ನ ಪುಣ್ಯ. ಸಿಗ್ನಿಲ್ಲ ಅಂದ್ರೆ ಆಷಾಢ ಕಳೆಯುತ್ಲೂವೆ ಕೋಣನೂರು ಗಂಡಿಗೆ ಕೊಟ್ಬುಡ್ತೀನಿ. ಆಮ್ಯಾಕೆ ಅತ್ರೆ ನಾ ಕೇಳಾಕಿಲ್ಲ."

ಕೋಣನೂರಿನ ಗಂಡಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಪಾಪ. ನನಗೆ ಶಾಲೆ ಬೇಕಿತ್ತು, ಅಷ್ಟೇ.

ಸಂದರ್ಶನಕ್ಕೆ ಎರಡು ದಿನ ಇರುವಾಗ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳೋಣವೆಂದು ಚಲುವಮ್ಮನ ಮನೆಗೆ ಹೋದರೆ ಬಾಗಿಲಿಗೆ ಚಿಲಕ. ಮಾರನೆಯ ದಿನ ಮಧ್ಯಾಹ್ನ ಹೋದರೂ ಚಿಲಕವೇ. ನನ್ನ ಜೀವ ಬಾಯಿಗೆ ಬಂದಿದೆ, ಈ ಮಹಾರಾಯ್ತಿ ಊರು ಸುತ್ತುತ್ತಿದ್ದಾಳೆ ಎಂದು ಅವ್ವನ ಮುಂದೆ ಕೂಗಾಡಿದೆ. ಸಂಜೆ ಬಂದಳು. ಕಾಲು ಮೊಣಕಾಲಿನವರೆಗೆ ಕೆಸರು. ಎಲ್ಲಿಗೆ ಹೋಗಿದ್ದೆ ಎಂದರೆ "ಇಲ್ಲೇ" ಎಂದಳು.

ಆಮೇಲೆ ಶುರುವಾಯಿತು ನೋಡಿ ಅವಳ ವಿಚಾರಣೆ. ಏನು ಉಂಡೆ? ಬಸ್ಸಲ್ಲಿ ವಾಂತಿ ಆಗುತ್ತದೆಯೇ? ಕಡೇ ಸಲ ಯಾವತ್ತು ತಲೆಗೆ ನೀರು ಹಾಕಿಕೊಂಡದ್ದು? ಕೊನೆಯ ಪ್ರಶ್ನೆಗೆ ನಾನು ಕೆಂಪಾದೆ. ತಿಂಗಳ ಮುಟ್ಟಿನ ಮಾತನ್ನು ಹೀಗೆ ನಡುಮನೆಯಲ್ಲಿ ನಿಂತು ಕೇಳುವುದೇ?

"ಇನ್ನೂ ಆರು ದಿನ ಐತೆ," ಎಂದೆ ಹಲ್ಲು ಕಚ್ಚಿಕೊಂಡು.

"ಭಯ ಅನ್ನಾದು ಕೆಟ್ಟದ್ದು ಮಗ, ದಿನಾನೇ ಹಿಂದು ಮುಂದು ಮಾಡ್ಬುಡ್ತದೆ. ಕಪ್ಪನೆ ಸೀರೆ ಉಟ್ಕೊ."

ನಾನಾದರೋ ಚೊಂಬಿಗೆ ಕೆಂಡ ತುಂಬಿ, ಒಂದು ಗಂಟೆ ಉಜ್ಜಿ ಇಸ್ತ್ರಿ ಮಾಡಿದ್ದ ತಿಳಿ ಹಳದಿ ಸೀರೆಯನ್ನು ತೋರಿಸಿದೆ. ಅದನ್ನೇ ಉಡುವುದು, ಬೇರೆ ಮಾತೇ ಇಲ್ಲ ಎಂದೆ.

"ಆಯ್ತು ಬುಡವ್ವ," ಎಂದು ಹೋದಳು. ಇಷ್ಟು ಬೇಗ ಸೋಲುವವಳಲ್ಲವಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಬೆಳಗಿನ ಮೊದಲ ಬಸ್ಸು. ಹತ್ತಿದ ಕೂಡಲೇ ಅವಳು ತನ್ನ ಕಂಬಳಿಯನ್ನು ಮಡಿಸಿ ಸೀಟಿಗೆ ಹಾಸಿ, ಅದರ ಮೇಲೆ ಕೂರು ಎಂದಳು. ಕಂಬಳಿ ಚುಚ್ಚುತ್ತದೆ ಎಂದು ಗೊಣಗಿದೆ. ಕೂತೆ. ಕುಶಾಲನಗರದಲ್ಲಿ ಬೇರೆ ಬಸ್ಸು ಹತ್ತಿದೆವು, ಅಲ್ಲಿಯೂ ಕಂಬಳಿ ಬಂತು. ಸುಂಟಿಕೊಪ್ಪ ದಾಟಿ ಬಸ್ಸು ಏರು ಹತ್ತುವಾಗ ಕಿಬ್ಬೊಟ್ಟೆ ಹಿಂಡಿದಂತಾಯಿತು. ಮೊದಲು ಹಸಿವು ಎಂದುಕೊಂಡೆ. ಆಮೇಲೆ ಗೊತ್ತಾಯಿತು. ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಅಲ್ಲಾಡದೆ ಕೂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈ ಕಾಲದವರಿಗೆ ಹೇಗೆ ಹೇಳಲಿ! ನಮ್ಮ ಮನೆಯಲ್ಲಿ ಹೊರಗಾದವಳು ಮೂರು ದಿನ ಕೊಟ್ಟಿಗೆಯ ಪಕ್ಕದ ಚಾಪೆ ಬಿಟ್ಟು ಏಳುವಂತಿಲ್ಲ. ಯಾರನ್ನೂ ಮುಟ್ಟುವಂತಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಾಗ ಹೀಗಾದರೆ ಅಪಶಕುನ, ಅರ್ಧ ದಾರಿಯಿಂದ ತಿರುಗಿ ಬರಬೇಕು. ಅದನ್ನು ಅಪ್ಪ ಮಾತ್ರವಲ್ಲ, ನಾನೂ ನಂಬಿದ್ದೆ.

ಚಲುವಮ್ಮ ನನ್ನ ಮುಖ ನೋಡಿ, ಕಿವಿಯ ಹತ್ತಿರ ಬಾಗಿ "ಹೊರಗಾದ್ಯಾ?" ಎಂದಳು. ನಾನು ಅತ್ತೇಬಿಟ್ಟೆ.

"ವಾಪಸ್ ಹೋಗಾಣ ಚಲುವಕ್ಕ. ನಿನ್ನೂ ಮುಟ್ಬುಟ್ಟೆ."

"ಬಾಯ್ಮುಚ್ಚು," ಎಂದು ಅವಳು ಇನ್ನೂ ಹತ್ತಿರ ಸರಿದು ನನ್ನ ಭುಜ ಬಳಸಿದಳು. "ಬಾಣಂತೀರ್ನ ತಂದಿವ್ನಿ, ದಾರೀಲೇ ಹೆತ್ತೋರ್ನ ತಂದಿವ್ನಿ. ಜೊತೆ ಹೋಗೋಳ್ಗೆ ಮೈಲಿಗೆ ಅನ್ನಾದಿಲ್ಲ ಮಗ. ಮೈಲಿಗೆ ಅಂತ ಕೂತ್ರೆ ನಂಗೆ ಹಿಟ್ಟಿಲ್ಲ."

ಮಡಿಕೇರಿ ಬಸ್ ಸ್ಟ್ಯಾಂಡಿಗೆ ಮೊದಲೇ ಒಂದು ಓಣಿಯ ಬಳಿ ಬಸ್ಸು ನಿಲ್ಲಿಸಲು ಹೇಳಿದಳು. ಕಂಡಕ್ಟರು ಅವಳ ಮಾತಿಗೇ ಕಾಯುತ್ತಿದ್ದವನಂತೆ ಗಂಟೆ ಎಳೆದ. ಕಂಬಳಿಯನ್ನು ನನ್ನ ಸೊಂಟದಿಂದ ಕೆಳಕ್ಕೆ ಸುತ್ತಿ ಇಳಿಸಿದಳು. ಓಣಿಯ ಮೂರನೆಯ ಮನೆಯ ಗೇಟಿನಲ್ಲಿ ಕೊಡವ ಉಡುಗೆಯ ಒಬ್ಬ ಹೆಂಗಸು ನಿಂತಿದ್ದಳು. ಆಕೆಯ ಹೆಸರು ಮುತ್ತಮ್ಮ.

"ನೀನು ಹೇಳಿದ ಹುಡುಗಿ ಇವಳಾ? ಬೇಗ ಬಾ, ಬಚ್ಚಲಲ್ಲಿ ಬಿಸಿನೀರು ಉಂಟು."

ಚಲುವಮ್ಮನ ಚೀಲದಿಂದ ಒಂದೊಂದೇ ಹೊರಗೆ ಬಂದವು. ಕುದಿಸಿ ಒಣಗಿಸಿ ಮಡಿಸಿದ ಹಳೇ ಬಟ್ಟೆಯ ತುಂಡುಗಳು. ಶುಂಠಿ ಬೆಲ್ಲದ ಕಷಾಯ ತುಂಬಿದ ಸೀಸೆ. ಅಡಿಯಲ್ಲಿ ಒಂದು ಕಡುನೀಲಿ ಸೀರೆ. ಅದು ಅವಳದ್ದೇ, ನಾನು ಗೌರಿ ಹಬ್ಬದಲ್ಲಿ ನೋಡಿದ್ದೆ. ಅವಳ ಹತ್ತಿರ ಇದ್ದ ಒಳ್ಳೆಯ ಸೀರೆ ಅದೊಂದೇ.

ಸ್ನಾನ ಮಾಡಿ ಬಂದವಳಿಗೆ ಮುತ್ತಮ್ಮ ತಲೆ ಬಾಚಿದಳು. ಚಲುವಮ್ಮ ಹಿತ್ತಿಲಲ್ಲಿ ನನ್ನ ಹಳದಿ ಸೀರೆಯನ್ನು ಒಗೆಯುತ್ತಿದ್ದಳು.

"ಪುಣ್ಯ ಮಾಡಿದ್ದೀ ನೀನು," ಎಂದಳು ಮುತ್ತಮ್ಮ ಮೆಲ್ಲಗೆ. "ಮೊನ್ನೆ ಬಂದಳು, ಗುರುತಿಲ್ಲ ಪರಿಚಯ ಇಲ್ಲ. ಒಂದು ಹುಡುಗಿ ಬರ್ತಾಳೆ, ಮುಖ ತೊಳೆಯಲಿಕ್ಕೆ, ಹೊರಗೆ ಹೋಗಲಿಕ್ಕೆ ಒಂದು ಮರೆ ಬೇಕು ಅಂದಳು. ಈ ಪೇಟೆಯಲ್ಲಿ ಹೆಂಗಸರಿಗೆ ಅಂಥ ಜಾಗ ಎಲ್ಲುಂಟು ಹೇಳು? ನಾಲ್ಕು ಮನೆಯಲ್ಲಿ ಬೈಸಿಕೊಂಡು ಇಲ್ಲಿಗೆ ಬಂದದ್ದಂತೆ. ಬಸ್ಸು ತಪ್ಪಿ ರಾತ್ರಿ ನಮ್ಮ ಜಗಲಿಯಲ್ಲೇ ಮಲಗಿದಳು. ನಿನ್ನೆ ಬೆಳಿಗ್ಗೆ ಆ ಆಫೀಸಿಗೆ ಎರಡು ಸಲ ನಡೆದು ಬಂದಳು, ಎಲೆ ಅಗಿಯುತ್ತ. ಎರಡು ಎಲೆ ಆಗ್ತದೆ ಅಂದಳು. ನನಗೆ ಏನೂ ಅರ್ಥ ಆಗಲಿಲ್ಲ."

ನನಗೆ ಅರ್ಥವಾಯಿತು. ಚಲುವಮ್ಮನ ಬಳಿ ಗಡಿಯಾರವಿರಲಿಲ್ಲ, ಇದ್ದರೂ ಓದಲು ಬರುತ್ತಿರಲಿಲ್ಲ. ಒಂದು ಎಲೆ ಅಡಿಕೆಯನ್ನು ಬಾಯಿಗೆ ಹಾಕಿ ಅಗಿದು ಉಗುಳುವಷ್ಟು ಹೊತ್ತು ನಡೆದರೆ ಅದು ಒಂದು ಎಲೆಯ ದೂರ. ಹೊಲದ ದಾರಿ, ಬಾವಿಯ ದಾರಿ, ಎಲ್ಲವನ್ನೂ ಅವಳು ಹಾಗೇ ಹೇಳುತ್ತಿದ್ದಳು. ನಾವು ಮಕ್ಕಳು ನಗುತ್ತಿದ್ದೆವು. ಎರಡು ದಿನ ಚಿಲಕ ಹಾಕಿದ್ದ ಬಾಗಿಲು ಕಣ್ಣ ಮುಂದೆ ಬಂತು. ಎರಡು ದಿನದ ಬಸ್ ಚಾರ್ಜು ಅವಳ ಸೆರಗಿನ ಗಂಟಿನದ್ದೇ. ಬಸ್ಸಲ್ಲಿ ಕೂರುವುದಕ್ಕೆ ಕೂಲಿಯೇ ಎಂದಿದ್ದೆನಲ್ಲ, ಆ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು.

ಎರಡು ಎಲೆಗೆ ಸರಿಯಾಗಿ ಆಫೀಸು ಮುಟ್ಟಿದೆವು. ಹತ್ತಕ್ಕೆ ಇನ್ನೂ ಹೊತ್ತಿತ್ತು.

ಒಳಗೆ ಮೂವರು ಕೂತಿದ್ದರು. ಲೆಕ್ಕ ಕೇಳಿದರು, ಪಾಠ ಓದಿಸಿದರು. ಕೊನೆಗೆ ವಯಸ್ಸಾದವರೊಬ್ಬರು, "ಗೊತ್ತಿಲ್ಲದ ಊರಿನ ಶಾಲೆಗೆ ಹಾಕಿದರೆ ಮೊದಲು ಏನಮ್ಮ ಮಾಡ್ತೀಯ?" ಎಂದರು. ನನಗಿಂತ ಮುಂಚೆ ಹೋದವರೆಲ್ಲ ದೇವರ ಪ್ರಾರ್ಥನೆ, ಶಿಸ್ತು ಎಂದಿದ್ದರಂತೆ. ನಾನು, "ಹಿಂದಿನ ದಿನವೇ ಹೋಗಿ, ಮಕ್ಕಳು ಬರುವ ದಾರಿಯನ್ನು ಒಂದು ಸಲ ನಡೆದು ನೋಡಿಕೊಂಡು ಬರ್ತೀನಿ ಸಾರ್," ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅದು ನನ್ನ ತಲೆಯಿಂದ ಬಂದ ಮಾತಲ್ಲವೆಂದು ಅವರಿಗೇನು ಗೊತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ. "ಮದ್ಲೇ ಹೋಗಿ ನೋಡ್ಕಂಡ್ ಬಂದೆ ಅಂತ ಯಾಕ್ ಹೇಳ್ನಿಲ್ಲ ಚಲುವಕ್ಕ? ಅಪ್ಪ ಆ ಎರಡ್ ದಿನದ್ದೂ ಕೂಲಿ ಕೊಡ್ತಿದ್ದ."

"ಕೊಡ್ತಿದ್ದ, ಕೊಡ್ತಿದ್ದ!" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನೋಡು ಮಗ, ಕಣ್ಣಲ್ಲಿ ಕಂಡ್ರೂ ಪರಾಂಬರಿಸಿ ನೋಡು ಅಂತಾರೆ ದೊಡ್ಡೋರು. ನಾನು ಅಕ್ಷರ ಕಾಣ್ದೋಳು, ಬೋರ್ಡು ಓದಾಕ್ ಬರಾಕಿಲ್ಲ. ಕಾಲಲ್ಲೇ ಓದ್ಕಬೇಕು. ಹಿಂಗೆ ಮದ್ಲೇ ಹೋಗಿ ನೋಡ್ಕಬತ್ತಾಳೆ ಅಂತ ಊರ್ಗೆ ಗೊತ್ತಾದ್ರೆ, 'ಓಹೋ, ಇವ್ಳಿಗೂ ದಾರಿ ಗೊತ್ತಿಲ್ಲ' ಅಂತಾರೆ. ಆಮ್ಯಾಲೆ ಯಾರ್ ಕರೀತಾರೆ ನನ್ನ? ಯಾರ್ಗೂ ಅನ್ಬೇಡ, ನನ್ನಾಣೆ."

ಊರಿಗೆ ಬಂದೆವು. ಮಡಿಕೇರಿಯ ಕೆಸರಿಗೆ ಸೀರೆ ಕೆಟ್ಟಿತು ಎಂದು ಅವ್ವನಿಗೆ ಹೇಳಿದವಳು ಚಲುವಮ್ಮನೇ. ಅಪ್ಪ ಒಂದು ರೂಪಾಯಿ ತೆಗೆದು ಕೊಟ್ಟ. ನನ್ನ ಬಾಯಿ ತಡೆಯಲಿಲ್ಲ, "ಮೂರು ದಿನದ್ದು ಕೊಡಪ್ಪ" ಎಂದೆ.

"ಮೂರ್ ದಿನ ಯಾವ್ದಲೇ?" ಎಂದ ಅಪ್ಪ.

ಚಲುವಮ್ಮ ನನ್ನನ್ನೊಮ್ಮೆ ಕೆಕ್ಕರಿಸಿ ನೋಡಿದಳು. "ಹಸಿವು ಕಣಣ್ಣ, ಕೂಸ್ಗೆ ತಲೆ ನಿಂತಿಲ್ಲ. ಹಿಟ್ಟಿಕ್ಕು," ಎಂದು ರಾಗಿ ಅಳೆಸಿಕೊಂಡು ಹೊರಟುಹೋದಳು.

ನನಗೆ ಸೀಟು ಸಿಕ್ಕಿತು. ಎರಡು ವರ್ಷ ತರಬೇತಿಯಾಗಿ ಪಾಲಿಬೆಟ್ಟದ ಹತ್ತಿರ ಶಾಲೆಯೂ ಸಿಕ್ಕಿತು. ಲೈನಿನ ಮಕ್ಕಳು, ನಾಲ್ಕು ಭಾಷೆಯ ಗಲಾಟೆ. ಸಂಬಳ ಬಂದ ಮೊದಲ ತಿಂಗಳು ಒಂದು ಕಡುನೀಲಿ ಸೀರೆ ತೆಗೆದುಕೊಂಡು ಹೋಗಿ ಕೊಟ್ಟೆ. "ದುಡ್ಡು ಹೆಚ್ಚಾಯ್ತೇನೋ ಮೇಡಮ್ಮೋರ್ಗೆ" ಎಂದು ಛೇಡಿಸಿದಳು. ಅದನ್ನು ಉಟ್ಟುಕೊಂಡೇ ಊರೆಲ್ಲ ತಿರುಗಿದಳೆಂದು ಅವ್ವ ಬರೆಸಿದ್ದಳು.

ಮಾರನೆಯ ವರ್ಷ ಬೇಸಿಗೆ ರಜೆಗೆ ಊರಿಗೆ ಹೋದರೆ ಚಲುವಮ್ಮ ಜಗಲಿಯ ಮೇಲೆ ಕೂತಿದ್ದಳು. ನಾನು ಎದುರು ನಿಂತರೂ "ಯಾರವ್ವ?" ಎಂದಳು. ಎರಡು ಕಣ್ಣಿಗೂ ಪೊರೆ. ದಾರಿ ಕಾಣದವಳನ್ನು ಯಾರು ಜೊತೆಗೆ ಕರೆಯುತ್ತಾರೆ? ಆರು ತಿಂಗಳಿನಿಂದ ಒಬ್ಬರೂ ಕರೆದಿರಲಿಲ್ಲ. ಮಡಿಕೇರಿಯಲ್ಲಿ ಹೊಸದಾಗಿ ಕಟ್ಟಿದ್ದ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ, ಆದರೆ ಅವಳಿಗೆ ಜೀವದ ಭಯ. ಊರಿನ ಹೆಂಗಸರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸಿದವಳು ತಾನು ಹೋಗಲು ಒಲ್ಲೆ ಎನ್ನುತ್ತಿದ್ದಳು.

"ಕಾಣ್ದೆ ಹೆಂಗೋಗ್ಲಿ ಮಗ? ಎಲ್ಲಿ ಮೆಟ್ಲೋ, ಎಲ್ಲಿ ಮೋರಿಯೋ. ನಾ ನೋಡ್ದೇ ಇರೋ ಜಾಗಕ್ಕೆ ಒಂದಿನಾನೂ ಹೋದೋಳಲ್ಲ."

"ನಾ ಬತ್ತೀನಿ ಜೊತೇಲಿ. ನಾಡಿದ್ದು," ಎಂದೆ.

ಮಾರನೆಯ ದಿನ ಕುಶಾಲನಗರದಲ್ಲಿ ಕೆಲಸವಿದೆ ಎಂದು ಹೇಳಿ ಮೊದಲ ಬಸ್ಸು ಹತ್ತಿದೆ. ಮಡಿಕೇರಿಯಲ್ಲಿ ಆಸ್ಪತ್ರೆಯ ಬಾಗಿಲಿನವರೆಗೆ ನಡೆದೆ. ಮೆಟ್ಟಿಲು ಏಳು, ಎಡಕ್ಕೆ ಕಂಬಿ ಇದೆ. ಕಣ್ಣಿನ ಡಾಕ್ಟರು ಕೂರುವ ಕೋಣೆ, ಹೆಂಗಸರ ಕಕ್ಕಸು, ಕುಡಿಯುವ ನೀರು, ಬಿಸಿಲು ಬೀಳದ ಬೆಂಚು, ಎಲ್ಲ ನೋಡಿಕೊಂಡೆ. ನರ್ಸಮ್ಮನ ಹೆಸರು ಚೋಮಿ ಎಂದು ಕೇಳಿಕೊಂಡೆ. ಆಮೇಲೆ ಅಂಗಡಿಯಲ್ಲಿ ಎಲೆ ಅಡಿಕೆ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿನಿಂದ ಮತ್ತೆ ನಡೆದೆ. ಹುಟ್ಟಿದಂದಿನಿಂದ ಎಲೆ ಹಾಕಿದವಳಲ್ಲ. ಸುಣ್ಣ ಹೆಚ್ಚಾಗಿ ನಾಲಿಗೆಯೆಲ್ಲ ಬೆಂದುಹೋಯಿತು. ನಾಲಿಗೆಗೆ ಅಷ್ಟಾದರೂ ಶಿಕ್ಷೆ ಬೇಕಿತ್ತು ಎಂದುಕೊಂಡೆ.

ಮರುದಿನ ಮಡಿಕೇರಿಯಲ್ಲಿ ಇಳಿದಾಗ ಅವಳು ನೀಲಿ ಸೀರೆ ಉಟ್ಟಿದ್ದಳು. ನನ್ನ ಕೈಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಹತ್ತು ಹೆಜ್ಜೆ ನಡೆದು ನಿಂತುಬಿಟ್ಟಳು.

"ಬ್ಯಾಡ ಮಗ, ವಾಪಸ್ ಹೋಗಾಣ. ಇನ್ನೂ ಎಷ್ಟು ದೂರ ಐತೋ ಏನೋ."

"ಒಂದೂವರೆ ಎಲೆ," ಎಂದೆ.

ಅವಳು ನನ್ನ ಕಡೆ ಮುಖ ತಿರುಗಿಸಿದಳು. ಕಣ್ಣಿಗೆ ನಾನು ಕಾಣುತ್ತಿರಲಿಲ್ಲ. ಆದರೂ ನೋಡಿದಳು.

"ನೆನ್ನೆ ಬಂದಿದ್ಯೇನೇ?"

"ಇಲ್ಲವಲ್ಲ," ಎಂದೆ. "ನಂಗೆ ಕೊಡಗೆಲ್ಲ ಗೊತ್ತು."

"ಕಳ್ಳಿ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಂಟದ ಸಂಚಿಯಿಂದ ಒಂದು ಎಲೆ ತೆಗೆದು ಬಾಯಿಗೆ ಹಾಕಿಕೊಂಡಳು. "ನಡಿ ಮತ್ತೆ. ಸರಿಯಾಗಿ ಅಳೆದಿದ್ದೀಯೋ ಇಲ್ವೋ ನೋಡೇ ಬುಡಾಣ."

ಅಗಿಯುತ್ತ ಹೆಜ್ಜೆ ಹಾಕಿದಳು. ನನ್ನನ್ನು ಹಿಡಿಯಲು ಈಗ ಅವಳಿಗೆ ಒಂದೇ ಕೈ ಸಾಕಾಯಿತು.