ಮುಟ್ಟಡ, ನೋಡು

ಆಕಾಶ ನೋಡುತ್ತ, ಹಳೆಯ ನಾಣ್ಯ ಓದುತ್ತ ಆಯುಷ್ಯ ಕಳೆದ ಸಿದ್ದಾಪುರದ ಆ ಹಿರಿಯರು ಮಾತಿಗೊಮ್ಮೆ ‘ಮುಟ್ಟಡ, ನೋಡು’ ಎನ್ನುತ್ತಿದ್ದರು; ಮುಟ್ಟಬೇಡ ಎನ್ನುವುದಕ್ಕೆ ಅವರ ಮಾತು ಅದು. ಅವರ ದುರ್ಬೀನಿಗೆ ಕಬ್ಬಿಣದ ಕಾಲು ಮಾಡಿಕೊಟ್ಟವನು ನಾನು. ಏಳನೇ ಇಯತ್ತೆಗೇ ಶಾಲೆ ಬಿಟ್ಟೆ. ಆದರೆ ನಾನು ಹಾಕಿದ ವೆಲ್ಡಿಂಗ್ ಎಲ್ಲೂ ಬಿಟ್ಟಿದ್ದಿಲ್ಲ. ಮೊದಲ ಸಲ ಆ ದುರ್ಬೀನಿನಲ್ಲಿ ಕಣ್ಣಿಟ್ಟಾಗ ಕೊಳವೆಗೆ ನನ್ನ ಕೈ ತಾಗಿ ಚಂದ್ರ ಮಾಯವಾದ.

‘ಮುಟ್ಟಡ ಹೇಳಿದ್ನಲಾ ತಮಾ! ಈಗ ಓಡಿಹೋದವ್ನ ಹಿಡ್ಕಂಡು ಬಾ’ ಎಂದು ನಕ್ಕಿದ್ದರು.

ಒಮ್ಮೆ ಬಿಳಗಿಯಲ್ಲಿ ಗೇಟಿನ ಕಂಬಕ್ಕೆ ಗುಂಡಿ ತೋಡುವಾಗ ನನಗೊಂದು ತಾಮ್ರದ ನಾಣ್ಯ ಸಿಕ್ಕಿತು. ಅವರಿಗೆ ಫೋನ್ ಮಾಡಿದೆ.

‘ಅಕ್ಷರ ಇದ್ದಾ?’

‘ಕಿಲುಬಿನೊಳಗೆ ಒಂದು ಸಾಲು ಕಾಣ್ತದೆ ಸರ್.’

ಅವರ ಉಸಿರು ನನಗೆ ಕೇಳಿಸಿತು. ‘ಅಂಥದ್ದನ್ನ ಹುಡ್ಕಲೆ ಹಿಡದು ಇಪ್ಪತ್ತು ವರ್ಷ ಆತು. ಬೇಗ ಬಾ.’

ಕಿಲುಬು ಹಿಡಿದ ಸಾಮಾನನ್ನು ನಾನು ಯಾರ ಕೈಗೂ ಕೊಟ್ಟವನಲ್ಲ. ಹುಣಸೆಹಣ್ಣು ಹಚ್ಚಿ, ಪಾಲೀಶ್ ಕಾಗದದಿಂದ ತಿಕ್ಕಿ, ಫಳಫಳ ಹೊಳೆಯುವ ಹಾಗೆ ಮಾಡಿ ಅವರ ಅಂಗೈಯಲ್ಲಿಟ್ಟೆ.

‘ಹೆಂಗಾಗದೆ ಸರ್?’

ಭೂತಗನ್ನಡಿ ಹಿಡಿದು ನೋಡಿದರು. ತಿರುಗಿಸಿದರು, ಮತ್ತೆ ತಿರುಗಿಸಿದರು. ಆಗಲೇ ನನಗೂ ಕಂಡಿತು, ಕಿಲುಬಿನ ಸಂಗಡ ಅಕ್ಷರವೂ ಹೋಗಿತ್ತು.

ಅವರು ಬೈಯಲಿಲ್ಲ. ನಾಣ್ಯವನ್ನು ನನ್ನ ಕೈಯಲ್ಲೇ ಇಟ್ಟು, ನನ್ನ ಬೆರಳು ಮಡಚಿದರು.

‘ಈಗ ಮುಟ್ಟು ತಮಾ. ನೋಡಲೆ ಎಂತೂ ಉಳದ್ದಿಲ್ಲೆ.’