ನಾನು ಸಾಯಿಸಿದ ರಾಷ್ಟ್ರಪತಿ

ಸುದ್ದಿ ದಿನಕ್ಕೆ ಒಂದೇ ಸಲ, ಅದೂ ಸೀಮೆಸುಣ್ಣದಲ್ಲಿ ಬರುತ್ತಿದ್ದ ಕಾಲ ಅದು. ಅರಸೀಕೆರೆಯ ನಮ್ಮ ಶಾಲೆಯ ಜವಾನ ಸಿದ್ದಪ್ಪ ಬೆಳಿಗ್ಗೆ ಪುರಸಭೆಯ ಪಾರ್ಕಿನಲ್ಲಿ ರೇಡಿಯೋ ವಾರ್ತೆ ಕೇಳಿ, ಓಡಿ ಬಂದು ನನಗೆ ಒಪ್ಪಿಸುತ್ತಿದ್ದ. ಅವನಿಗೆ ಓದು ಬರಹ ಬಾರದು. ನನ್ನ ಅಕ್ಷರ ದುಂಡಗಿತ್ತು. ಇದ್ದಿಲು, ತೊಂಡೆಸೊಪ್ಪು ಉಜ್ಜಿದ ಸುದ್ದಿಹಲಗೆಯ ಹಸಿ ವಾಸನೆಯಲ್ಲಿ ಅದನ್ನು ಬರೆದು ಮುಗಿಸಿದರೆ, ಅವನ ಜೇಬಿನಿಂದ ನನಗೊಂದು ಹಿಡಿ ಹುರಿಗಡಲೆ, ಬೆಲ್ಲದ ಚೂರು.

ಆ ಬೇಸಿಗೆಯಲ್ಲಿ ರಾಷ್ಟ್ರಪತಿಗಳಿಗೆ ಕಾಯಿಲೆ. 'ಆರೋಗ್ಯ ಸುಧಾರಿಸುತ್ತಿದೆ' ಎಂದು ವಾರವಿಡೀ ಬರೆದಿದ್ದೆ. ಎಂಟನೆಯ ದಿನ ಲೆಕ್ಕದ ಪರೀಕ್ಷೆ. ಬುಗುರಿ ಆಡಿಕೊಂಡು ಓದಿರಲಿಲ್ಲ. ಸಿದ್ದಪ್ಪ ಗಂಟೆ ಹೊಡೆಯಲು ಹೋದ ಕೂಡಲೇ 'ರಾಷ್ಟ್ರಪತಿಗಳು ನಿಧನರಾದರು' ಎಂದು ಬರೆದುಬಿಟ್ಟೆ.

ಹೆಡ್‌ಮಾಸ್ತರು ಹಲಗೆ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ರಾಷ್ಟ್ರಪತಿಗಳ ಬಾಳಿನ ಕಥೆ ಹೇಳಿದರು. ಹಳ್ಳಿಯಲ್ಲಿ ಹುಟ್ಟಿದವರು, ಮೈಲಿಗಟ್ಟಲೆ ನಡೆದು ಓದಿದವರು, ಬ್ರಿಟಿಷರ ಜೈಲು ಕಂಡವರು, ಅಷ್ಟು ದೊಡ್ಡ ಭವನದಲ್ಲಿದ್ದೂ ಬಡವರ ಕಾಗದಕ್ಕೆ ತಾವೇ ಉತ್ತರ ಬರೆದವರು. ಮೇಷ್ಟ್ರುಗಳು ಅತ್ತರು. ತಾನು ಪಾರ್ಕಿನಿಂದ ಹೊರಟಮೇಲೆ ಬಂದ ಸುದ್ದಿಯಿರಬೇಕೆಂದು ಸಿದ್ದಪ್ಪನೂ ಅತ್ತ. ಶಾಲೆಗೆ ರಜಾ ಆಯಿತು. ನಾನು ಬುಗುರಿ ಆಡಿದೆ.

ಸಂಜೆಯ ವಾರ್ತೆಯಲ್ಲಿ ರಾಷ್ಟ್ರಪತಿಗಳು ಎದ್ದು ಕೂತು ಗಂಜಿ ಕುಡಿದಿದ್ದರು.

ಮರುದಿನ ಹೆಡ್‌ಮಾಸ್ತರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು.

"ನಾನಂಗೆ ಹೇಳೇ ಇಲ್ಲ ಸ್ವಾಮಿ. ಬೇಕಾರೆ ಈ ಮರೀನೇ ಕೇಳಿ," ಎಂದ ಸಿದ್ದಪ್ಪ.

"ಅವನೇ ಹೇಳಿದ್ದು ಸಾರ್," ಎಂದೆ ನಾನು.

ಅಲ್ಲಿಗೆ ವಿಚಾರಣೆ ಮುಗಿಯಿತು. ವರ್ಷಗಟ್ಟಲೆ ಒಂದು ಸುಳ್ಳೂ ತರದವನಿಗೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನನ್ನಪ್ಪ ತಾಲ್ಲೂಕು ಕಚೇರಿಯ ಶಿರಸ್ತೇದಾರ, ಅಷ್ಟು ಸಾಕಾಯಿತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ, ಮೊದಲು ಆ ಹೆಡ್‌ಮಾಸ್ತರ ಮೇಲೆ, ಆಮೇಲೆ ನನ್ನ ಮೇಲೆ. ಹನ್ನೊಂದು ವರ್ಷದವನಿಗೆ ಏನು ತಿಳಿದೀತು ಎನ್ನಬೇಡಿ. ನನಗೆ ಎಲ್ಲ ತಿಳಿದಿತ್ತು.

ಸಿದ್ದಪ್ಪನನ್ನು ಕೆಲಸದಿಂದ ತೆಗೆದರು. ಹೊರಡುವ ಮುಂಚೆ ಅವನು ಒದ್ದೆ ಬಟ್ಟೆ ತಂದು, ತಾನು ಓದಲಾರದ ಆ ಸಾಲನ್ನು ಒರೆಸಿ, ಹಲಗೆಗೆ ತೊಂಡೆಸೊಪ್ಪು ಉಜ್ಜಿಟ್ಟು ಹೋದ.

ಈಗ ನಾನು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ, ಮಗಳ ಮನೆಯಲ್ಲಿದ್ದೇನೆ. ಹೋದ ವಾರ, ಸಿಡ್ನಿಯ ಟೂಂಗಾಬಿಯಲ್ಲಿರುವ ಮಗ ಫ್ಯಾಮಿಲಿ ಗ್ರೂಪಿಗೆ ಊರಿನ ಹಿರಿಯ ನಾಯಕರೊಬ್ಬರ ಫೋಟೋ ಹಾಕಿದ, ಹಾರ ಸಮೇತ. ತೀರಿಕೊಂಡರಂತೆ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತಿದರು. ಸಂಜೆಗೆ ಅದು ಸುಳ್ಳೆಂದು ತಿಳಿಯಿತು. ಫೋನ್ ಮಾಡಿ ಕೂಗಾಡಿದೆ.

"ಯಾಕಪ್ಪಾ ಇಷ್ಟ್ ಸೀರಿಯಸ್ಸಾಗಿ ತಗೋತೀರಾ? ಡಿಲೀಟ್ ಮಾಡಿದೀನಲ್ಲ, ಮುಗೀತು."

ಅಂದು ರಾಷ್ಟ್ರಪತಿಗಳು ಹೋದರೆಂದರೆ ಒಂದು ಶಾಲೆಯೇ ಅಳುತ್ತಿತ್ತು. ಸುಳ್ಳೆಂದು ತಿಳಿದರೆ, ಹೇಳಿದವರು ಯಾರೆಂದು ಕೇಳುವವರಿದ್ದರು, ತಪ್ಪಾಗಿಯಾದರೂ. ಈಗ ಅಳುವವರೂ ಇಲ್ಲ, ಕೇಳುವವರೂ ಇಲ್ಲ. ಮಗನಿಗೆ ಸಿದ್ದಪ್ಪನ ವಿಷಯ ಹೇಳಲು ಬಾಯಿ ತೆರೆದವನು ಫೋನ್ ಇಟ್ಟುಬಿಟ್ಟೆ. ನಿಜ ಹೇಳಲು ಬಾಯಿ ತೆರೆಯಬೇಕಾಗಿದ್ದದ್ದು ಅರವತ್ತು ವರ್ಷದ ಹಿಂದೆ, ಆ ಕೋಣೆಯಲ್ಲಿ, ಸಿದ್ದಪ್ಪ ನನ್ನ ಮುಖವನ್ನೇ ನೋಡುತ್ತಿದ್ದಾಗ.