ಅಮೀನಾ ಹಿಡಿದ ಕಟಕ್ ಸದ್ದು

ಅಮೀನಾ ಕಮಲಾಪುರದ ಪಿಂಜಾರರ ಮನೆಯ ಮಗಳು. ಅವಳ ಅಪ್ಪ ಮೈಬೂಬಸಾಬ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬಿಕೊಡುತ್ತಿದ್ದ. ಹಿಂಜುವ ಬಿಲ್ಲಿನ ಸದ್ದು ಕೇಳಿಯೇ ಹತ್ತಿ ಹಸಿಯಾಗಿದೆಯೋ ಒಣಗಿದೆಯೋ, ಒಳಗೆ ಬೀಜ ಉಳಿದಿದೆಯೋ ಎಂದು ಅವಳು ಚಿಕ್ಕವಳಿದ್ದಾಗಲೇ ಹೇಳಿಬಿಡುತ್ತಿದ್ದಳು. ಅದೇನು ದೊಡ್ಡ ಸಂಗತಿ ಎಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.

ಹದಿನಾರಕ್ಕೆ ಮದುವೆಯಾಗಿ ಅವಳು ಕಲಬುರಗಿಗೆ ಬಂದಳು. ಗಂಡ ನಬಿಸಾಬನದು ಕೋಟೆಯ ಹತ್ತಿರದ ಓಣಿಯಲ್ಲಿ ಸೈಕಲ್ ರಿಪೇರಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಸಂಸಾರ, ನಡುವೆ ಒಂದು ದಪ್ಪ ಪರದೆ. ಸಂತೆ, ಹೊಲ ಎಂದು ಅಪ್ಪನ ಜೊತೆ ತಿರುಗಿದವಳಿಗೆ ಮೊದಮೊದಲು ಆ ಪರದೆ ಉಸಿರು ಕಟ್ಟಿಸಿತು. ಹೊರಗೆ ಬರುವಂತಿಲ್ಲ, ಗಿರಾಕಿಗಳ ಮುಖ ನೋಡುವಂತಿಲ್ಲ. ಆದರೆ ಕಿವಿಗೆ ಯಾರು ಪರದೆ ಹಾಕುತ್ತಾರೆ? ರೊಟ್ಟಿ ಬಡಿಯುತ್ತಲೇ ಅವಳು ಅಂಗಡಿಗೆ ಬರುವ ಪ್ರತಿ ಸೈಕಲ್ಲಿನ ಸದ್ದು ಕೇಳಿಸಿಕೊಳ್ಳತೊಡಗಿದಳು. ಪೆಡಲಿನ ಒಂದೊಂದು ಸುತ್ತಿಗೆ ಒಂದೊಂದು ಸಲ ಸದ್ದಾದರೆ ಪೆಡಲಿನ ಅಚ್ಚು, ಅದಕ್ಕಿಂತ ತಡೆದು ತಡೆದು ಬಂದರೆ ಚೈನಿನ ಒಂದು ಕೊಂಡಿ ಬಿಗಿದಿದೆ. ಹೀಗೆ ಒಂದೆರಡು ವರ್ಷದಲ್ಲಿ ಅವಳಿಗೆ ಎಲ್ಲವೂ ತಿಳಿಯಿತು. ನಬಿಸಾಬ ಊಟಕ್ಕೆ ಒಳಗೆ ಬಂದಾಗ ಮೆಲ್ಲಗೆ ಹೇಳುತ್ತಿದ್ದಳು. ಅವನು ಹೊರಗೆ ಹೋಗಿ ಅದನ್ನೇ ಸರಿಮಾಡುತ್ತಿದ್ದ. ಗಿರಾಕಿಗಳು ಅವನನ್ನು ಹೊಗಳುತ್ತಿದ್ದರು. ಹನ್ನೆರಡು ವರ್ಷ ಹೀಗೇ ನಡೆಯಿತು. ಅಮೀನಾ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಹೊಗಳಿಕೆಯ ಮಾತು ಪರದೆ ದಾಟಿ ಒಳಗೆ ಬಂದಾಗಲೆಲ್ಲ ಅವಳ ಕೈ ಒಂದು ಗಳಿಗೆ ಹಿಟ್ಟಿನಲ್ಲೇ ನಿಲ್ಲುತ್ತಿತ್ತು.

ಆಗ ನಿಜಾಮರ ಕಾಲ. ಕಲಬುರಗಿಯಲ್ಲಿ ಮೋಟಾರ್ ಸೈಕಲ್ಲುಗಳು ಬೆರಳೆಣಿಕೆಯಷ್ಟು. ಜನ ಅದಕ್ಕೆ ಫಟಫಟಿ ಅನ್ನುತ್ತಿದ್ದರು. ಸರಕಾರಿ ಡಾಕ್ಟರ್ ನೀಲಕಂಠರಾಯರಿಗೆ ಅಂಥದೊಂದಿತ್ತು. ಮೈಲಿಬೇನೆ, ಕಾಲರಾ ಬಂದ ಊರುಗಳಿಗೆ ಸೂಜಿ ಮದ್ದು ಹಾಕಲು ಅವರು ಅದರ ಮೇಲೆ ಕಮಲಾಪುರದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದರು. ಆ ವರ್ಷ ಮಳೆಗಾಲ ಮುಗಿದ ಮೇಲೆ ಗಾಡಿಯ ಹಿಂಭಾಗದಲ್ಲಿ ಕಟಕ್ ಕಟಕ್ ಎಂಬ ಸದ್ದು ಶುರುವಾಯಿತು. ಹೈದರಾಬಾದಿನಲ್ಲಿ ಒಬ್ಬ ಮಿಸ್ತ್ರಿ ಹೊಸ ಚೈನು ಹಾಕಿಕೊಟ್ಟ. ಎರಡು ದಿನ ಸುಮ್ಮನಿದ್ದ ಸದ್ದು ಮೂರನೇ ದಿನ ಮತ್ತೆ ಬಂತು. ಬೇರೆ ದಾರಿ ಕಾಣದೆ ಡಾಕ್ಟರು ನಬಿಸಾಬನ ಅಂಗಡಿಗೆ ಬಂದರು.

ನಬಿಸಾಬ ಚೈನಿಗೆ ಎಣ್ಣೆ ಬಿಟ್ಟ. ಬಿಗಿ ಸಡಿಲು ನೋಡಿದ. ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಲಿ ತಿರುಗಿಸಿದರೆ ಒಂದು ಚೂರೂ ಸದ್ದಿಲ್ಲ. ಸರಿಯಾಯಿತೆಂದು ಕಳಿಸಿದ. ಮರುದಿನವೇ ಡಾಕ್ಟರು ತಿರುಗಿ ಬಂದರು. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ನಬಿಸಾಬನ ಮುಖ ಬಾಡಿತು. ಡಾಕ್ಟರನ್ನು ಅಂಗಡಿಯಲ್ಲಿ ಕೂರಿಸಿ ಊಟಕ್ಕೆ ಒಳಗೆ ಬಂದವನು ರೊಟ್ಟಿಯನ್ನೇ ಮುರಿಯಲಿಲ್ಲ.

ಅಮೀನಾ ಪ್ರತಿ ಸಲವೂ ಗಾಡಿ ಬಂದದ್ದನ್ನೂ ಹೋದದ್ದನ್ನೂ ಕೇಳಿದ್ದಳು. ಓಣಿ ಅಂಗಡಿಯ ಕಡೆಗೆ ಇಳಿಜಾರು. ಬರುವಾಗ ಫಟಫಟಿ ತಾನಾಗಿಯೇ ಉರುಳಿ ಬರುತ್ತಿತ್ತು, ಆಗ ಸದ್ದಿಲ್ಲ. ಹೋಗುವಾಗ ಏರು ಹತ್ತಬೇಕು, ಆಗ ಕಟಕ್. ಅದೂ ಸುತ್ತಿಗೆ ಒಂದರಂತೆ ಲೆಕ್ಕವಾಗಿ ಬರುವ ಸದ್ದಲ್ಲ. ಎಂಜಿನ್ನು ಜಗ್ಗಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ.

“ಚೈನಿಂದಲ್ರಿ ಅದು, ಗಾಲೀದೂ ಅಲ್ಲ,” ಎಂದಳು. “ತಿರುಗೋ ಸಾಮಾನು ಕೆಟ್ರ ಸುತ್ತಿಗೊಮ್ಮೆ ಬಡೀತದ. ಇದು ಜಗ್ಗಿದಾಗ, ಬಿಟ್ಟಾಗ ಅಷ್ಟೇ ಬಡೀಲಿಕತ್ತದ. ಅಲುಗಬಾರದ್ದು ಏನೋ ಅಲುಗಾಕತ್ತದ.”

ಸ್ಟ್ಯಾಂಡಿನ ಮೇಲೆ ಭಾರವೇ ಇಲ್ಲದಾಗ ಎಷ್ಟು ತಿರುಗಿಸಿದರೂ ಅದು ಸಿಗುವುದಿಲ್ಲ, ಗಾಡಿಯನ್ನು ನೆಲಕ್ಕಿಳಿಸಿ, ಗೇರ್ ಹಾಕಿ, ಹಿಂದಕ್ಕೆ ಜಗ್ಗಿ ನೋಡಿ ಎಂದು ಹೇಳಿದಳು. ನಬಿಸಾಬ ಮೊದಲು ಒಪ್ಪಲಿಲ್ಲ. ಸೈಕಲ್ ಬೇರೆ, ಫಟಫಟಿ ಬೇರೆ ಎಂದ. ಆದರೆ ಅವನಿಗೂ ಬೇರೆ ಉಪಾಯ ಉಳಿದಿರಲಿಲ್ಲ.

ಹೊರಗೆ ಹೋಗಿ ಡಾಕ್ಟರನ್ನು ಗಾಡಿಯ ಮೇಲೆ ಕೂರಿಸಿದ. ಡಾಕ್ಟರ ಜೊತೆ ಬಂದಿದ್ದ ಜವಾನ ಹಿಂದಿನಿಂದ ಹಿಡಿದು ಜಗ್ಗಿದ. ಚೈನು ಬಿಗಿಯುತ್ತಲೇ ಕಟಕ್ ಎಂದಿತು. ನಬಿಸಾಬ ಪರದೆಯ ಹತ್ತಿರ ಬಂದಾಗ ಅಮೀನಾ ಒಳಗಿನಿಂದ ಅವನಿಗಷ್ಟೇ ಕೇಳುವಂತೆ, ಬಲಗಡೆ, ಅಚ್ಚಿನ ತುದಿಯಲ್ಲಿ ಕೈ ಇಡಿ ಎಂದಳು. ನಬಿಸಾಬ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಚಿಮಟಾದ ಬಲಗಡೆಯ ತುದಿಗೆ ಬೆರಳಿಟ್ಟ. ಜವಾನ ಮತ್ತೆ ಜಗ್ಗಿದ. ಗಟ್ಟಿ ಕಬ್ಬಿಣ ಅವನ ಬೆರಳ ಕೆಳಗೆ ಕೂದಲೆಳೆಯಷ್ಟು ಸರಿಯಿತು.

ಸೀಮೆಎಣ್ಣೆಯ ಬಟ್ಟೆಯಿಂದ ಆ ಜಾಗದ ಜಿಡ್ಡು, ಕೆಸರು ಒರೆಸಿದಾಗ ಕೆಂಪು ತುಕ್ಕಿನ ಸಣ್ಣ ಗೆರೆ ಕಂಡಿತು. ಬಣ್ಣದ ಕೆಳಗೆ ಚಿಮಟಾ ಅರ್ಧಕ್ಕಿಂತ ಹೆಚ್ಚು ಸೀಳಿತ್ತು. ಹೊಸ ಚೈನು ಹಾಕುವಾಗ ಮಿಸ್ತ್ರಿ ಅಚ್ಚಿನ ನಟ್ಟು ಬಿಗಿ ಮಾಡಿದ್ದ. ಅದಕ್ಕೇ ಎರಡು ದಿನ ಸದ್ದು ಅಡಗಿತ್ತು. ಡಾಕ್ಟರು ಬಗ್ಗಿ ನೋಡಿದರು. ಮರುದಿನ ಬೆಳಗ್ಗೆ ಅವರು ಕಮಲಾಪುರಕ್ಕೆ ಹೊರಡುವವರಿದ್ದರು. ದಾರಿಯಲ್ಲಿ ಅದು ಮುರಿದಿದ್ದರೆ ಗಾಲಿ ಅಡ್ಡ ತಿರುಗಿ ಅವರನ್ನು ಎಲ್ಲಿ ಎಸೆಯುತ್ತಿತ್ತೋ.

“ಹೈದರಾಬಾದ್ನಾಗ ಸಿಗಲಾರದ್ದು ನಿನಗ ಸಿಕ್ತು, ನಬಿಸಾಬ. ಯಾವ ಉಸ್ತಾದನ ಕೈಯಾಗ ಕಲ್ತಿದ್ದಿ?” ಎಂದು ಕೇಳಿದರು.

ನಬಿಸಾಬ ಕೈಯ ಜಿಡ್ಡು ಒರೆಸಿಕೊಂಡ. ಒಳಗೆ ಅಮೀನಾ ಕಿವಿಗೊಟ್ಟು ನಿಂತಿದ್ದಳು. ಹನ್ನೆರಡು ವರ್ಷ ಇಂಥ ಪ್ರಶ್ನೆ ಬಂದಾಗಲೆಲ್ಲ ಅವನು ನಕ್ಕು ಮಾತು ಹಾರಿಸಿದ್ದ. ಈ ಸಲವೂ ಹಾಗೇ ಎಂದುಕೊಂಡು ಒಲೆಯ ಕಡೆ ತಿರುಗಿದಳು.

“ನಂದಲ್ರಿ ಸಾಹೇಬ್ರ,” ಎಂದ ನಬಿಸಾಬ. “ಉಸ್ತಾದ್ ಪರದೆ ಒಳಗ ಅದಾಳ. ನನ್ನ ಮನಿಯಾಕಿ, ಅಮೀನಾ. ಇವತ್ತಿಂದಷ್ಟೇ ಅಲ್ಲ. ಈ ಅಂಗಡ್ಯಾಗ ಸದ್ದು ಹಿಡಿಯಾಕಿ ಯಾವಾಗಲೂ ಆಕೀನೇ.”

ಡಾಕ್ಟರು ಎದ್ದು ಪರದೆಯ ಕಡೆ ತಿರುಗಿ ಕೈ ಮುಗಿದರು. “ಅಮ್ಮಾ, ನಾನು ಮನಶ್ಯಾನ ಎದಿಗಿ ನಳಿಗಿ ಹಚ್ಚಿ ಕೇಳ್ತೀನಿ. ನೀವು ಅದೂ ಇಲ್ದ ಕೇಳಿದ್ರಿ,” ಎಂದರು.

ಅಮೀನಾ ಒಲೆಯ ಕಡೆಯಿಂದ ಪರದೆಯತ್ತ ತಿರುಗಿದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಳು. ಕಣ್ಣು ತುಂಬಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಸಾವರಿಸಿಕೊಂಡು, ಚಿಮಟಾ ಚೆನ್ನಾಗಿ ಬೆಸುಗೆ ಆಗುವ ತನಕ ಗಾಡಿ ಹತ್ತಬೇಡಿ ಎಂದಷ್ಟೇ ಹೇಳಿದಳು.

ಕಮ್ಮಾರನ ಕುಲುಮೆಯಲ್ಲಿ ಚಿಮಟಾಗೆ ಹಿತ್ತಾಳೆಯ ಬೆಸುಗೆ ಹಾಕಿಸಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಡಾಕ್ಟರು ಓಣಿಯ ಏರು ಹತ್ತಿ ಹೋದಾಗ ಅಮೀನಾ ಕೊನೆಯ ತನಕ ಕಿವಿಗೊಟ್ಟಳು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಆಮೇಲೆ ಅಂಗಡಿಗೆ ಬಂದವರು ನಬಿಸಾಬನ ಹತ್ತಿರ ಗಾಡಿ ನಿಲ್ಲಿಸಿ, “ಅಮೀನಾಬಿ ಅವ್ರು ಏನಂತಾರ?” ಎಂದು ಕೇಳತೊಡಗಿದರು. ನಬಿಸಾಬ ಪರದೆಯ ಪಕ್ಕದಲ್ಲೇ ಕೆಲಸದ ಮಣೆ ಹಾಕಿಕೊಂಡ. ಅವಳು ಒಳಗಿನಿಂದ ಹೇಳುತ್ತಿದ್ದಳು, ಈಗ ಮೆಲ್ಲಗಲ್ಲ, ಎಲ್ಲರಿಗೂ ಕೇಳುವ ಹಾಗೆ.

ಕಮಲಾಪುರದಲ್ಲಿ ಡಾಕ್ಟರು ಸೂಜಿ ಹಾಕುವಾಗ ಈ ಕಥೆಯನ್ನು ಚಾವಡಿಯ ತುಂಬ ಹೇಳಿದರಂತೆ. ಸಾಲಿನಲ್ಲಿ ತೋಳು ಮೇಲೆ ಮಾಡಿಕೊಂಡು ನಿಂತಿದ್ದ ಮುದುಕ ಮೈಬೂಬಸಾಬ ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಸರದಿ ಬಂದಾಗ ಡಾಕ್ಟರ ಮುಂದೆ ನೆಟ್ಟಗೆ ನಿಂತು ಹೇಳಿದ:

“ಆಕಿ ನನ್ನ ಮಗಳ್ರಿ.”